ಬಾಕಿ

ನರಾಂಡೆರಾ ಸ್ಟೇಷನ್ನಿನಲ್ಲಿ ನಾವಿಬ್ಬರು ಇಳಿದಾಗ
ಬ್ಯಾಂಡು ಇತ್ತು, ಮೇಯರರ ಹೆಂಡತಿಯ ಹ್ಯಾಟು ಇತ್ತು,
ನಮ್ಮ ಅಂಗಿಯೊಳಗೆ ನಾವು ಅಷ್ಟಾಗಿ ಇರಲಿಲ್ಲ.
ಪರ್ಸ್ ಹಾಲಿಂಗ್‌ಡೇಲ್ ನನ್ನ ಕಿವಿಗೆ ಬಾಗಿ ಹೇಳಿದ:
"ಮರೀಬೇಡ. ಅರವತ್ತೊಂದು."

ಲೆಕ್ಕ ಶುರುವಾದದ್ದು ಬರ್ಮಾದ ಬಿದಿರುಮೆಳೆಯೊಳಗೆ,
ಶತ್ರುವಿನ ರೈಲಿಗೆ ನಾವು ಕಲ್ಲು ಒಡೆಯುತ್ತಿದ್ದ ಮಳೆಗಾಲದಲ್ಲಿ.
ನನಗಾಗ ಇಪ್ಪತ್ತು. ಅವನು ಹನ್ನೊಂದು ದಿನ ದೊಡ್ಡವನು;
ಆ ಹಿರಿತನವನ್ನು ಕೊನೆವರೆಗೂ ಬಿಟ್ಟುಕೊಡಲಿಲ್ಲ.
ಇಬ್ಬರಿಗೂ ಸೇರಿ ಒಂದೇ ಚಮಚ. ಅದರ ಒಂದಂಚನ್ನು
ಕಲ್ಲಿಗೆ ಮಸೆದಿದ್ದೆವು:
ಇತ್ತ ಕಡೆ ಉಣ್ಣಲು, ಅತ್ತ ಕಡೆ
ಕಾಲಿನ ಹುಣ್ಣು ಕೆರೆಯಲು.

ಜ್ವರದಲ್ಲಿ ನಾನು ಗೋಡೆ ಕಡೆ ತಿರುಗಿ ಮಲಗಿದೆ.
ಗೋಡೆ ಕಡೆ ತಿರುಗಿದವರು ಮೂರನೆಯ ದಿನ ಹೋಗುತ್ತಾರೆ,
ಗುಡಿಸಲಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.
ಡಡ್ಲಿ ಹೋಗಿದ್ದ, ಬೇಕರಿಯ ಆಲ್ಫ್ ಹೋಗಿದ್ದ,
ಪ್ರಾರ್ಥನೆ ಹೇಳಿಕೊಡುತ್ತಿದ್ದವನೂ.

ಪರ್ಸ್ ಪ್ರಾರ್ಥನೆ ಮಾಡಲಿಲ್ಲ. ನನ್ನ ಅಮ್ಮನ ಹೆಸರೆತ್ತಲಿಲ್ಲ.
ತನ್ನ ಡಬ್ಬಿಯ ತಳದ ಸೀಕಲು ಕೆರೆದು
ನನ್ನ ಹಲ್ಲಿನ ಸಂದಿಗೆ ತುರುಕಿ ಅಂದ:
"ಧರ್ಮಕ್ಕಲ್ಲ ಲೀತ್, ಇದು ಸಾಲ. ಒಂದು."
ಮಾರನೆಯ ದಿನ ಎರಡು, ಮೂರು.
ಬೆಳಗಿನ ಹಾಜರಿಗೆ ಅವರ ಭಾಷೆಯಲ್ಲಿ ಇಚಿ, ನಿ, ಸಾನ್;
ರಾತ್ರಿ ನಮ್ಮ ಭಾಷೆಯಲ್ಲಿ ಈ ಇನ್ನೊಂದು ಎಣಿಕೆ,
ಬಿದಿರಿನ ಕಂಬದ ಮೇಲೆ ಗೀರು.
ಕಿರಾಣಿ ಅಂಗಡಿಯವನ ಮಗ, ರಕ್ತದಲ್ಲೇ ಇತ್ತು.
"ಬಾಕಿ ಇಟ್ಟು ಸಾಯೋರನ್ನ ಕಂಡರೆ ನನ್ನಪ್ಪನಿಗೆ ಆಗೋದಿಲ್ಲ."

ಅರವತ್ತೊಂದಕ್ಕೆ ನಾನು ಎದ್ದು ಕೂತೆ.
ಅವನ ಪಕ್ಕೆಲುಬು ಎಣಿಸಬಹುದಿತ್ತು.
ಎಣಿಸಲಿಲ್ಲ.

ಆಮೇಲೆ ನಲವತ್ತು ವರ್ಷ.
ಅವನಿಗೆ ಅಪ್ಪನ ಅಂಗಡಿ. ನನಗೆ ಕಾಲುವೆಯ ತೂಬು ತೆರೆಯುವ ಕೆಲಸ,
ನೀರು ಹೋಗುತ್ತಿದ್ದದ್ದು ಲೀಟನ್ನಿನ ಭತ್ತದ ಗದ್ದೆಗಳಿಗೆ. ನಗಬೇಡಿ.
ಭತ್ತ ಅಂದರೆ ಹುಲ್ಲು, ನೋಡಬಹುದು.
ಅಕ್ಕಿ ಬೇರೆ. ಅನ್ನ ಇನ್ನೂ ಬೇರೆ.
ಎಡ್ನಾ ಮದುವೆಯ ಹೊಸದರಲ್ಲಿ ಅಕ್ಕಿಯ ಪಾಯಸ ಮಾಡಿದ್ದಳು.
ನಾನು ಎದ್ದುಹೋಗಿ ಕೋಳಿಗೂಡಿನ ಹತ್ತಿರ ನಿಂತೆ.
ಅವಳು ಏನೂ ಕೇಳಲಿಲ್ಲ;
ಪಾತ್ರೆ ಉಜ್ಜುವ ಸದ್ದು ಮಾತ್ರ ಬಹಳ ಹೊತ್ತು ಇತ್ತು.

ಶುಕ್ರವಾರ ಪಬ್ಬಿನಲ್ಲಿ ಬಿಯರಿನ ದುಡ್ಡು ನನ್ನದು,
ಕುರಿ ಕಡಿದರೆ ತೊಡೆ ಅವನ ಮನೆಗೆ,
ಅವನ ಮಗಳ ಮದುವೆಗೆ ನನ್ನ ಕಾರು.
ಪ್ರತಿ ಸಲವೂ ಅದೇ ಮಾತು:
"ಅನ್ನದ ಸಾಲ. ತೀರಿಸೋದೂ ಅನ್ನದಲ್ಲೇ."

ಹೋದ ಆಗಸ್ಟಿನಲ್ಲಿ ವಾಗಾ ವಾಗಾ ಆಸ್ಪತ್ರೆಯಿಂದ ಫೋನು.
ಅಕ್ಕಿ ಕೊಂಡೆ. ಎಡ್ನಾಳನ್ನು ಅವಳ ತಂಗಿಯ ಮನೆಗೆ ಕಳಿಸಿ
ಕಿಟಕಿಗಳನ್ನೆಲ್ಲ ತೆರೆದು, ಮೂಗಿನಲ್ಲಿ ಉಸಿರಾಡದೆ ಬೇಯಿಸಿದೆ.
ತಳ ಹಿಡಿಸಿದೆ, ಬೇಕೆಂದೇ.
ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಬೆಚ್ಚಗೆ,
ಯಾವುದೋ ಮರಿಯ ಹಾಗೆ.

ಅವನು ಗೋಡೆ ಕಡೆ ತಿರುಗಿ ಮಲಗಿದ್ದ.
ಅದೇ ಚಮಚ ತೆಗೆದೆ. ಹರಿತದ ಅಂಚು ಕಂಡು ನರ್ಸ್ ಹುಬ್ಬು ಗಂಟಿಕ್ಕಿದಳು.
"ಒಂದು," ಅಂದೆ. ನುಂಗಿದ.
"ಎರಡು." ಅಗುಳೊಂದು ಗಲ್ಲಕ್ಕೆ ಅಂಟಿತು, ಬೆರಳಲ್ಲಿ ಒಳಗೆ ತಳ್ಳಿದೆ.
"ಮೂರು."
ಅಲ್ಲಿಗೆ ತುಟಿ ಬಿಗಿದುಕೊಂಡ.
ಬೇಡಿದೆ. ಬೈದೆ. ಹನ್ನೊಂದು ದಿನ ಚಿಕ್ಕವನಂತೆ ಅತ್ತೆ.
ಹಲ್ಲಿಲ್ಲದ ಆ ಹಠಮಾರಿ ಬಾಯಿ ಒಂದಿಷ್ಟೇ ತೆರೆದು
"ಐವತ್ತೆಂಟು," ಅಂತು, "ಬಾಕಿ."

ಅವನ ಋಣ ತೀರಿತು ಅಂತಾರೆ ಜನ.
ಲೆಕ್ಕ ಬಾರದವರು.

ಇವತ್ತು ಬೆಳಿಗ್ಗೆ ನನಗೂ ಗೋಡೆ ಕಡೆ ತಿರುಗುವ ಮನಸ್ಸಾಗಿತ್ತು.
ಎದ್ದೆ. ಬೂಟು ಹಾಕಿಕೊಂಡು ತೂಬಿನ ತನಕ ನಡೆದೆ.
ಬದುವಿನಂಚಿನ ಒಂದು ತೆನೆ ಕಿತ್ತು ಉಗುರಲ್ಲಿ ಒತ್ತಿದೆ,
ಹಾಲು ಬಂತು.
ಇನ್ನೂ ಕಾಳು ಕಟ್ಟಿಲ್ಲ.